ಕೇಳಿ ಓದಿದವರು

ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ವಿಧವಾ ವೇತನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿಗೆ ಹತ್ತಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬರುತ್ತಿದ್ದಳು. ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಲಕ್ಷ್ಮೀಶನ ಜೈಮಿನಿ ಭಾರತದ ಪದ್ಯವೊಂದನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಾರನೆಯ ದಿನ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಬೇಕಿತ್ತು. ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, "ಅಲ್ಲಿ ನಿಲ್ಲಿಸಬೇಡ ಮಗಾ, ಉಸಿರು ಹಿಡಿದು ಮುಂದಿನ ಸಾಲಿಗೆ ಹೋಗು, ಮಾತು ತುಂಡಾಗ್ತದೆ" ಎಂದಳು. ಎಂದವಳೇ ಆ ಪದ್ಯವನ್ನು ಪೂರ್ತಿ ಹೇಳಿದಳು. ಅಷ್ಟಕ್ಕೇ ನಿಲ್ಲದೆ, ನಮ್ಮ ಪಠ್ಯದಲ್ಲಿ ಇಲ್ಲದ ಮುಂದಿನ ಎರಡು ಪದ್ಯಗಳನ್ನೂ ಹೇಳಿದಳು.

ನನಗೆ ಸಿಟ್ಟು ಬಂತು. "ನಿಂಗೆ ಓದೋಕೇ ಬರಲ್ಲ, ನೀನೇನು ನನಗೆ ಹೇಳಿಕೊಡೋದು?" ಎಂದುಬಿಟ್ಟೆ. ಅಜ್ಜಿ ಮಾತಾಡಲಿಲ್ಲ. ಅವರೆಕಾಯಿಯ ಮೊರವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಈ ಮಾತಾಗಿ ನಲವತ್ತು ವರ್ಷದ ಮೇಲಾಯಿತು. ಆಮೇಲೆ ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಸಮಾಜ ವಿಜ್ಞಾನದ ಟೀಚರಾಗಿ ನಾಲ್ಕು ಊರು ಸುತ್ತಿದೆ. ಓದು ಎಂದರೆ ಕಣ್ಣಿನ ಕೆಲಸ ಎಂದು ನಾನು ನಂಬಿದ್ದದ್ದು ಎಷ್ಟು ಅರೆಬರೆ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಅಜ್ಜಿ ಅದನ್ನೆಲ್ಲ ಕಲಿತದ್ದು ಊರ ಆಂಜನೇಯನ ಗುಡಿಯ ಜಗಲಿಯಿಂದ. ಶ್ರಾವಣದಲ್ಲಿ ಅಲ್ಲಿ ರಾತ್ರಿಯೂಟ ಮುಗಿದ ಮೇಲೆ ಭಾರತ ಓದಿಸುತ್ತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದರ ಅರ್ಥ ಹೇಳುವುದು. ಗಮಕಿ, ವ್ಯಾಖ್ಯಾನಕಾರ ಎಂಬ ದೊಡ್ಡ ಹೆಸರುಗಳು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, "ಓದೋರು", "ಹೇಳೋರು" ಅಷ್ಟೆ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ಕನ್ನಡನಾಡಿನಲ್ಲಿ ತುಂಬ ಕಡೆ ಇದೆ, ನಮ್ಮಲ್ಲೂ ಇತ್ತು. ಗಂಡಸರು ಜಗಲಿಯ ಮೇಲೆ, ಹೆಂಗಸರು ಕೆಳಗೆ ಗೋಡೆಯ ನೆರಳಲ್ಲಿ. ಅಲ್ಲಿಗೆ ಬರಿಗೈಯಲ್ಲಿ ಬಂದ ಹೆಂಗಸು ಇರಲಿಲ್ಲ ಎನ್ನಿ. ಒಬ್ಬಳು ಬತ್ತಿ ಹೊಸೆಯುತ್ತಿದ್ದಳು, ಒಬ್ಬಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ಇನ್ನೊಬ್ಬಳ ಮಡಿಲಲ್ಲಿ ಮಗು. ಕೈಗೆ ಪುರಸೊತ್ತಿಲ್ಲ, ಕಣ್ಣಿಗೆ ಬೆಳಕಿಲ್ಲ, ಕಿವಿ ಮಾತ್ರ ಅವರ ಸ್ವಂತದ್ದು. ಜೈಮಿನಿಯಲ್ಲಿ ಉದ್ದಾಲಕನ ಹೆಂಡತಿ ಚಂಡಿಯ ಕಥೆ ಬರುತ್ತದಲ್ಲ, ಗಂಡ ಹೂಂ ಎಂದರೆ ಉಹೂಂ ಎನ್ನುವವಳು, ಕೊನೆಗೆ ಕಲ್ಲಾದವಳು, ಆ ಭಾಗ ಬಂದಾಗ ಗೋಡೆಯ ಕೆಳಗಿನಿಂದಲೇ ಹೆಚ್ಚು ನಗು ಕೇಳುತ್ತಿತ್ತಂತೆ.

ಈ ಕಲೆ ಇನ್ನೂ ಇದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕದ ಊರೆಂದೇ ಹೆಸರಾಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಇದೇನು ಗಮಕ ಎಂದು ಪಟ್ಟಣದ ಮಕ್ಕಳು ಕೇಳಿದ್ದೂ ಉಂಟು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ಇನ್ನು ಅಮ್ಮನ ವಿಷಯ. ಅಮ್ಮ ಏಳನೆಯವರೆಗೆ ಓದಿದವಳು, ಮದುವೆಯಾಗಿ ಪೇಟೆಗೆ ಬಂದ ಮೇಲೆ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೊಂದು ಪುಸ್ತಕ ತಂದು ಓದುತ್ತಿದ್ದವಳು. ತ್ರಿವೇಣಿ, ಎಂ.ಕೆ. ಇಂದಿರಾ ಅವಳಿಗೆ ಅಕ್ಕತಂಗಿಯರಿದ್ದಂತೆ. ಅನ್ನ ಸೀದ ವಾಸನೆ ಬಂದರೆ ಅಮ್ಮ ಯಾವುದೋ ಕಾದಂಬರಿಯ ಕೊನೆಯ ಪುಟದಲ್ಲಿದ್ದಾಳೆ ಎಂದು ನಾವು ತಿಳಿಯಬೇಕು. 2016ರ ಹೊತ್ತಿಗೆ ಗ್ಲಕೋಮಾ ಅವಳ ಎರಡೂ ಕಣ್ಣುಗಳನ್ನು ಹಿಂಡಿತ್ತು. ಈ ಕಾಯಿಲೆ ನೋವು ಕೊಡದೆ ಬರುತ್ತದೆ, ಪಕ್ಕದ ನೋಟವನ್ನು ಮೊದಲು ಕದಿಯುತ್ತದೆ, ತಿಳಿಯುವಾಗ ತಡವಾಗಿರುತ್ತದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಿ ಎಂದು ಇಲ್ಲೇ ಹೇಳಿಬಿಡುತ್ತೇನೆ, ಟೀಚರ ಬುದ್ಧಿ.

ಮಗ ಅವಳ ಮೊಬೈಲಿಗೆ ಆಡಿಯೋ ಪುಸ್ತಕ ಹಾಕಿಕೊಟ್ಟ. ಕನ್ನಡದ ಕಥೆ ಕಾದಂಬರಿಗಳನ್ನೂ ಈಗ ಕೇಳಬಹುದಲ್ಲ. ಅಮ್ಮ ಹತ್ತು ನಿಮಿಷ ಕೇಳಿ ಕಿವಿಯಿಂದ ಕಿತ್ತಿಟ್ಟಳು. "ಇದು ಓದೋದಲ್ಲ, ಯಾರೋ ಓದಿದ್ದನ್ನ ಕದ್ದು ಕೇಳೋದು" ಎಂದಳು. ನನ್ನ ಏಳನೇ ತರಗತಿಯ ಮಾತೇ ಅಮ್ಮನ ಬಾಯಲ್ಲಿ ಬಂದಂತಾಯಿತು. ಅಜ್ಜಿಯ ಮಗಳು ಹೀಗೆನ್ನುವುದೆ? ಅಮ್ಮನನ್ನು ಒಪ್ಪಿಸುವ ಹಟದಲ್ಲಿ, ಈ ಮಾತಾಡುವ ಪುಸ್ತಕ ಎಲ್ಲಿಂದ ಬಂತೆಂದು ನಾನು ಹುಡುಕುತ್ತಾ ಹೋದೆ. ಅವಳಿಗೆ ಒಂದೊಂದು ಸಂಜೆ ಒಂದೊಂದು ತುಂಡು ಹೇಳಿದೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿ ಅದರೊಳಗೆ ಮೊದಲು ಹೇಳಿದ್ದು ಒಂದು ಶಿಶುಗೀತೆ. ಮರುವರ್ಷ ಈ ಯಂತ್ರ ಯಾವುದಕ್ಕೆಲ್ಲ ಬಂದೀತು ಎಂದು ಪಟ್ಟಿ ಮಾಡಿ ಬರೆದಾಗ, ಕುರುಡರಿಗೆ ಓದಿ ಹೇಳುವ ಪುಸ್ತಕ ಎಂಬುದನ್ನೂ ಸೇರಿಸಿದ. ಆದರೆ ಆತನ ತವರದ ಹಾಳೆಯ ಮೇಲೆ ಪುಸ್ತಕವಿರಲಿ, ಒಂದು ಪುಟ ಹಿಡಿಸುವುದೂ ಕಷ್ಟ. ಆ ಮಾತು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪಟ್ಟಿಯಲ್ಲೇ ಉಳಿಯಿತು.

ಅದನ್ನು ಹೊರಗೆಳೆದದ್ದು ಮೊದಲ ಮಹಾಯುದ್ಧ. ಬಾಂಬಿನ ಚೂರು, ವಿಷಾನಿಲಗಳಿಂದ ಕಣ್ಣು ಕಳೆದುಕೊಂಡ ಸಿಪಾಯಿಗಳು ಇಂಗ್ಲೆಂಡಿಗೆ ಮರಳಿದರು. ಇಪ್ಪತ್ತೈದು ಮೂವತ್ತರ ಗಂಡಸರು, ಬ್ರೈಲ್ ಚುಕ್ಕೆಗಳಿಗೆ ಬೆರಳು ಪಳಗದವರು. ಅವರಲ್ಲೊಬ್ಬ ಇಯಾನ್ ಫ್ರೇಸರ್, 1916ರಲ್ಲಿ ಸೊಮ್ಮೆ ಕದನದಲ್ಲಿ ಕಣ್ಣು ಹೋದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಪಾರ್ಲಿಮೆಂಟಿನ ಸದಸ್ಯನಾದ. ನಿಧಾನವಾಗಿ ತಿರುಗುವ, ಹೆಚ್ಚು ಹೊತ್ತು ಓಡುವ ತಟ್ಟೆ ಮಾಡಿದರೆ ಪುಸ್ತಕ ಹಿಡಿಸಬಹುದೆಂದು ಅವನೂ ಅವನ ಸಂಗಡಿಗರೂ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಕೊನೆಗೆ 1935ರ ನವೆಂಬರ್‌ನಲ್ಲಿ ಮೊದಲ ಮಾತಾಡುವ ಪುಸ್ತಕಗಳು ಮನೆಮನೆಗೆ ಅಂಚೆಯಲ್ಲಿ ಹೋದವು. ನಿಮಿಷಕ್ಕೆ 24 ಸುತ್ತು, ಒಂದು ಮಗ್ಗುಲಿಗೆ ಸುಮಾರು 25 ನಿಮಿಷ, ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆ. ಮೊದಲು ಹೋದ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', ಜೋಸೆಫ್ ಕಾನ್ರಾಡನ 'ಟೈಫೂನ್' ಇದ್ದವು. ಒಂದು ಕೊಲೆಯ ಕಥೆ, ಇನ್ನೊಂದು ಸಮುದ್ರದ ಬಿರುಗಾಳಿಯ ಕಥೆ. ಕಣ್ಣಿಲ್ಲದವರಿಗೆ ಪುಣ್ಯಕಥೆಯನ್ನೇ ಕೇಳಿಸಬೇಕೆಂದು ಅವರು ಹೊರಡಲಿಲ್ಲ, ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಾಗಿದ್ದರೆ ಭಜನೆಯಿಂದ ಶುರುಮಾಡುತ್ತಿದ್ದೆವು.

ಅಮೆರಿಕದಲ್ಲಿ ಇದಕ್ಕೂ ತುಸು ಮುಂಚೆಯೇ ಕೆಲಸ ಶುರುವಾಗಿತ್ತು. 1931ರಲ್ಲಿ ದೃಷ್ಟಿಹೀನರ ಪುಸ್ತಕಗಳಿಗೆ ಸರ್ಕಾರದ ಹಣ ಕೊಡುವ ಕಾನೂನು ಬಂತು. ಅದನ್ನು ತಂದ ಇಬ್ಬರಲ್ಲಿ ಒಬ್ಬರು ರೂತ್ ಪ್ರಾಟ್ ಎಂಬ ಮಹಿಳೆ. 1934ರಿಂದ ಪುಸ್ತಕದ ತಟ್ಟೆಗಳು ಹೊರಟವು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಈ ಉದ್ದಾಟದ ತಟ್ಟೆ, ನಾವು ಎಲ್‌ಪಿ ಎಂದು ಕರೆಯುತ್ತಿದ್ದೆವಲ್ಲ, ಅದು ಅಂಗಡಿಗೆ ಬಂದು ಹಾಡು ಕೇಳುವವರ ಕೈಗೆ ಸಿಕ್ಕಿದ್ದು 1948ರಲ್ಲಿ. ಹದಿನಾಲ್ಕು ವರ್ಷ ಮುಂಚೆಯೇ ಅದು ಕಣ್ಣಿಲ್ಲದವರ ಮನೆಯಲ್ಲಿ ತಿರುಗುತ್ತಿತ್ತು!

ಇಲ್ಲಿ ಹೆಲೆನ್ ಕೆಲ್ಲರ್ ಬರುತ್ತಾರೆ. ಮೊದಲು ಅವರು ಇದಕ್ಕೆ ಒಪ್ಪಲಿಲ್ಲ. ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದಿರುವಾಗ ಮಾತಾಡುವ ಪುಸ್ತಕಕ್ಕೆ ಚಂದಾ ಎತ್ತುವುದು ಅವರಿಗೆ ದುಂದಾಗಿ ಕಂಡಿತು. ಕೆಲವೇ ವರ್ಷದಲ್ಲಿ ಮನಸ್ಸು ಬದಲಾಯಿಸಿ, ಅದೇ ಕೆಲಸಕ್ಕಾಗಿ ತಾವೇ ಓಡಾಡಿದರು. ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಯೋಜನೆಯಲ್ಲೇ ಆ ಯಂತ್ರಗಳನ್ನು ಮಾಡಿಸಿತು, 20,000ಕ್ಕೂ ಹೆಚ್ಚು. ನೆನಪಿಡಿ, ಹೆಲೆನ್ ಕೆಲ್ಲರ್ ಅವರಿಗೆ ಕಣ್ಣಷ್ಟೇ ಅಲ್ಲ, ಕಿವಿಯೂ ಇರಲಿಲ್ಲ. ತಾವು ಒಂದು ಪದವನ್ನೂ ಕೇಳಲಾರದ ಪುಸ್ತಕಕ್ಕಾಗಿ ಅವರು ಪತ್ರ ಬರೆದು ಬರೆದು ಬೇಡಿದರು. ಇದನ್ನು ಹೇಳಿದ ಸಂಜೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೊಬೈಲ್ ಎಲ್ಲಿಟ್ಟಿದ್ದೀಯ?" ಎಂದಳು.

1935 ಒಂದು ವಿಚಿತ್ರ ವರ್ಷ. ಲಂಡನ್ನಿನ ಪುಸ್ತಕಗಳು ಹೊರಡುವುದಕ್ಕೆ ಎರಡು ತಿಂಗಳ ಮುಂಚೆ, ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ಮನೆಯಿಂದ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಪ್ರಸಾರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ, ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ನಮ್ಮ ಮನೆಗಳಲ್ಲಿ ಕಥೆ, ನಾಟಕ, ಗಮಕ ಯಂತ್ರದ ಮೂಲಕ ಕೇಳುವ ಅಭ್ಯಾಸ ಬೆಳೆದದ್ದು ಆ ದಾರಿಯಲ್ಲಿ. ಅದೇ ವರ್ಷ ಕ್ಯೂಬಾದಲ್ಲಿ ಮಾಂಟೆಕ್ರಿಸ್ಟೊ ಎಂಬ ಚುಟ್ಟಾ ಬಂತು. ಚುಟ್ಟಾಕ್ಕೂ ಪುಸ್ತಕಕ್ಕೂ ಏನು ಸಂಬಂಧ ಎನ್ನುತ್ತೀರಾ? ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬ ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುವುದು. ಅವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಅವರಿಗೆ ಅಚ್ಚುಮೆಚ್ಚಾದ ಡ್ಯೂಮಾನ ಕಾದಂಬರಿಯ ಹೆಸರನ್ನೇ ಆ ಚುಟ್ಟಾಕ್ಕೆ ಇಟ್ಟರು. ನಮ್ಮ ಕರಾವಳಿಯ ಮನೆಗಳಲ್ಲಿ ಮಡಿಲಲ್ಲಿ ಸೂಪು ಇಟ್ಟುಕೊಂಡು ರೇಡಿಯೋ ಕೇಳುತ್ತಾ ಬೀಡಿ ಕಟ್ಟುವ ಹೆಂಗಸರನ್ನು ನೋಡಿದವರಿಗೆ ಇದು ಹೊಸದೆನಿಸದು.

ಎಲ್ಲರೂ ದುಡ್ಡು ಕೊಟ್ಟು ಕೊಳ್ಳುವ ಹಾಗೆ ಇದನ್ನು ಮಾಡಿದ್ದು ಇಬ್ಬರು ಹುಡುಗಿಯರು. ನ್ಯೂಯಾರ್ಕಿನ ಬಾರ್ಬರಾ ಕೋಹೆನ್, ಮೇರಿಯಾನ್ ರೋನಿ. ಇಬ್ಬರಿಗೂ ಇಪ್ಪತ್ತೆರಡು, ಕಾಲೇಜು ಮುಗಿಸಿ ಸಣ್ಣಪುಟ್ಟ ಕೆಲಸದಲ್ಲಿ ಬೇಸತ್ತವರು. 1952ರಲ್ಲಿ ವೇಲ್ಸಿನ ಕವಿ ಡಿಲನ್ ಥಾಮಸ್ ಅಲ್ಲಿಗೆ ಬಂದು ಕವಿತೆ ಓದುತ್ತಿದ್ದ. ಹೆಂಗಸರೆಂದು ತಿಳಿದರೆ ಎಲ್ಲಿ ತಳ್ಳಿಹಾಕುತ್ತಾನೋ ಎಂದು ಇನಿಷಿಯಲ್ ಮಾತ್ರ ಬರೆದು ಅವನಿಗೆ ಚೀಟಿ ಕಳಿಸಿದರಂತೆ. 500 ಡಾಲರ್ ಮುಂಗಡಕ್ಕೆ ಕವಿ ಒಪ್ಪಿದ. ಕವಿತೆಗಳು ತಟ್ಟೆಯ ಒಂದು ಮಗ್ಗುಲಿಗೆ ಸಾಕಾದವು, ಇನ್ನೊಂದು ಮಗ್ಗುಲು ಖಾಲಿ. ಏನಾದರೂ ಇದೆಯೇ ಎಂದು ಕೇಳಿದಾಗ, ಹೆಂಗಸರ ಪತ್ರಿಕೆಯೊಂದಕ್ಕೆ ತಾನು ಬರೆದಿದ್ದ ಬಾಲ್ಯದ ಕ್ರಿಸ್ಮಸ್ಸಿನ ಕಥೆಯನ್ನು ನೆನಪಿಸಿಕೊಂಡ. ಖಾಲಿ ಜಾಗ ತುಂಬಿಸಲು ಓದಿದ ಆ 'ಎ ಚೈಲ್ಡ್ಸ್ ಕ್ರಿಸ್ಮಸ್ ಇನ್ ವೇಲ್ಸ್' ಮನೆಮಾತಾಯಿತು. ಅಮೆರಿಕದಲ್ಲಿ ಆಡಿಯೋ ಪುಸ್ತಕದ ವ್ಯಾಪಾರಕ್ಕೆ ಬೀಜ ಬಿದ್ದದ್ದು ಅದರಿಂದ ಎನ್ನುತ್ತಾರೆ.

ಅವರ ಕಂಪನಿಯ ಹೆಸರು ಕ್ಯಾಡ್ಮನ್. ಯಾರು ಈ ಕ್ಯಾಡ್ಮನ್ ಎಂದು ನೋಡಿದರೆ, ಏಳನೇ ಶತಮಾನದ ಇಂಗ್ಲೆಂಡಿನ ಒಬ್ಬ ದನಗಾಹಿ. ಇಂಗ್ಲಿಷಿನಲ್ಲಿ ಹೆಸರು ತಿಳಿದಿರುವ ಮೊದಲ ಕವಿ ಅವನೇ. ಓದು ಬಾರದು. ಹಿಲ್ಡಾ ಎಂಬ ಸಂನ್ಯಾಸಿನಿ ನಡೆಸುತ್ತಿದ್ದ ಮಠದಲ್ಲಿ ಬೇರೆಯವರು ಅವನಿಗೆ ಗ್ರಂಥ ಓದಿ ಹೇಳುತ್ತಿದ್ದರು. ಅವನು ಕೇಳಿಸಿಕೊಂಡು, ಮೆಲುಕು ಹಾಕಿ, ಪದ್ಯ ಕಟ್ಟುತ್ತಿದ್ದ. ಇದನ್ನು ಓದಿದ ದಿನ ನನಗೆ ಅವರೆಕಾಯಿಯ ಮೊರ ನೆನಪಾಗದೆ ಇರಲಿಲ್ಲ.

ನಡುವೆ 1963ರಲ್ಲಿ ಕ್ಯಾಸೆಟ್ ಬಂತು. 1975ರಲ್ಲಿ ಕ್ಯಾಲಿಫೋರ್ನಿಯಾದ ಡುವಾಲ್ ಹೆಕ್ಟ್ ಎಂಬಾತ, ದಿನಾ ಕಾರು ಓಡಿಸಿ ಬೇಸತ್ತು, ಕ್ಯಾಸೆಟ್ಟಿನ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಕಂಪನಿ ಮಾಡಿದ. ಅಲ್ಲಿಂದ ಮೊಬೈಲಿನವರೆಗಿನ ಕಥೆ ನಿಮಗೇ ಗೊತ್ತು. ಕ್ಯಾಸೆಟ್ ಎಂದ ಮೇಲೆ ನನ್ನ ಒಂದು ತಪ್ಪನ್ನು ಹೇಳಲೇಬೇಕು.

1998ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ತಮ್ಮನ ಕೈ ಹಿಡಿದು ಬರುತ್ತಿದ್ದಳು. ಬ್ರೈಲ್ ಪಠ್ಯ ಅವಳವರೆಗೆ ತಲುಪಿರಲಿಲ್ಲ. ಸಮಾಜ ಪಾಠಗಳನ್ನು ಕ್ಯಾಸೆಟ್ಟಿಗೆ ಓದಿಕೊಡುತ್ತೇನೆಂದು ನಾನು ಹೇಳಿದೆ. ರಾತ್ರಿ ಪಾತ್ರೆ ತೊಳೆದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದುವುದು. ಮೊದಲ ಕ್ಯಾಸೆಟ್ ಕೇಳಿ ಬಂದವಳು, "ಟೀಚರ್, ನೀವು ಪುಟ ತಿರುಗಿಸಿದಾಗ ಬಳೆ ಸದ್ದಾಗ್ತದೆ, ಪುಟ ಎಷ್ಟಾಯ್ತು ಅಂತ ಎಣಿಸ್ತೀನಿ" ಎಂದಳು. ಆಮೇಲೆ ಬೇಕೆಂದೇ ಬಳೆ ಅಲ್ಲಾಡಿಸಿ ಪುಟ ತಿರುಗಿಸಿದೆ.

ಚೆನ್ನಾಗಿಯೇ ನಡೆಯಿತು, ಜನವರಿಯವರೆಗೆ. ಆಮೇಲೆ ಮಗುವಿಗೆ ಜ್ವರ, ಅತ್ತೆಯವರಿಗೆ ಆಪರೇಷನ್, ಶಾಲೆಯಲ್ಲಿ ಇನ್ಸ್‌ಪೆಕ್ಷನ್. ಇತಿಹಾಸದ ಕೊನೆಯ ಎರಡು ಪಾಠ ಉಳಿದವು. ಅವಳು ಎರಡು ಸಲ ಕೇಳಿದಳು. "ತರಗತಿಯಲ್ಲಿ ಕೇಳಿದ್ದೀಯಲ್ಲ, ಸಾಕು" ಎಂದೆ. ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆಯೊಂದು ಅಲ್ಲಿಂದಲೇ ಬಂತು. ಹುಡುಗಿ ಪಾಸಾದಳು, ನನ್ನ ವಿಷಯದಲ್ಲೇ ಕಡಿಮೆ ಅಂಕ. ಅಂಕಪಟ್ಟಿ ಒಯ್ಯಲು ಬಂದಾಗ ನಗುತ್ತಲೇ, "ಆ ಎರಡು ಪಾಠ ನನ್ನ ಹತ್ರ ಇರಲಿಲ್ಲ ಟೀಚರ್" ಎಂದಳು. ಉಳಿದ ಮಕ್ಕಳ ಚೀಲದಲ್ಲಿ ಪುಸ್ತಕವಿತ್ತು. ಅವಳ ಚೀಲದಲ್ಲಿದ್ದ ಪುಸ್ತಕಕ್ಕೆ ಎರಡು ಅಧ್ಯಾಯ ಹರಿದುಹೋಗಿತ್ತು, ಹರಿದವಳು ನಾನು. ಬೇರೆ ಮಕ್ಕಳ ಪುಸ್ತಕದ ಹಾಳೆ ಹರಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳೂ ನಾನೇ.

ಈಗ ಅವಳು ದೂರದ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಪುಸ್ತಕಕ್ಕಾಗಿ ಒಬ್ಬ ಟೀಚರ ಪುರಸೊತ್ತನ್ನು ನೆಚ್ಚಬೇಕಾಗಿಲ್ಲ. ಪ್ರಕಾಶಕರ ಅಪ್ಪಣೆಗೆ ಕಾಯದೆ ಪುಸ್ತಕವನ್ನು ಅಂಗವಿಕಲರಿಗೆ ಒಗ್ಗುವ ರೂಪಕ್ಕೆ ತರಬಹುದೆಂದು 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಯಿತು. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು. ಅವಳ ಫೋನು ಓದುವ ವೇಗ ನನ್ನ ಕಿವಿಗೆ ಜೇನುನೊಣದ ಗುಂಯ್ ಎಂಬ ಸದ್ದು, ಅವಳಿಗೆ ಒಂದಕ್ಷರ ತಪ್ಪುವುದಿಲ್ಲ.

ಅಮ್ಮ ಈಗ ದೊಡ್ಡ ವಿಮರ್ಶಕಿ. ಏನು ಕೇಳಬೇಕೆಂದು ಅವಳನ್ನು ಕೇಳಿ. ಪತ್ತೇದಾರಿ ಕಥೆ ಮೊದಲು, ಏಕೆಂದರೆ ಕೊನೆಯ ಪುಟವನ್ನು ಕದ್ದು ನೋಡುವ ಹಾಗಿಲ್ಲ. 1935ರಲ್ಲಿ ಕ್ರಿಸ್ಟಿಯನ್ನು ಆರಿಸಿದವರು ಬುದ್ಧಿವಂತರು ಎನ್ನುತ್ತಾಳೆ. ಕಾದಂಬರಿಯನ್ನು ನಾಟಕದಂತೆ ಅತ್ತು ಕರೆದು ಓದುವವರು ಅವಳಿಗೆ ಆಗದು, "ಅಳೋದು ನನಗೆ ಬಿಡಲಿ" ಎಂದು ಗೊಣಗುತ್ತಾಳೆ. ತ್ರಿವೇಣಿಯನ್ನು ಮಾತ್ರ ಬೇರೆ ದನಿಯಲ್ಲಿ ಕೇಳಲಾರಳು, ಅದನ್ನು ನಾನೇ ಓದಬೇಕು. ಅಡುಗೆ ಪುಸ್ತಕ ಕಿವಿಗೆ ನಿಷ್ಪ್ರಯೋಜಕ, ಅಳತೆ ಬರುವ ಹೊತ್ತಿಗೆ ಒಗ್ಗರಣೆ ಸೀದಿರುತ್ತದೆ. ಇತಿಹಾಸದಲ್ಲಿ ಇಸವಿಗಳು ಒಂದರ ಮೇಲೊಂದು ಬಂದರೆ ನನಗೇ ನಿಲ್ಲುವುದಿಲ್ಲ, ವ್ಯಕ್ತಿಯ ಕಥೆಯಾಗಿ ಹೇಳಿದ ಇತಿಹಾಸ ನಿಲ್ಲುತ್ತದೆ.

ನನ್ನನ್ನು ಕೇಳಿದರೆ ಬರೆದವರೇ ಓದಿದ ಆತ್ಮಕಥೆಗೆ ಸಾಟಿಯಿಲ್ಲ. ದಕ್ಷಿಣ ಆಫ್ರಿಕದ ಟ್ರೆವರ್ ನೋವಾ ತನ್ನ 'ಬಾರ್ನ್ ಎ ಕ್ರೈಮ್' ಅನ್ನು ತಾನೇ ಓದಿದ್ದಾನೆ. ಬಿಳಿಯ ಅಪ್ಪ, ಕರಿಯ ಅಮ್ಮ, ಅವನ ಹುಟ್ಟೇ ಅಲ್ಲಿನ ಕಾನೂನಿಗೆ ಅಪರಾಧ. ಹಲವು ಭಾಷೆ ಬಲ್ಲದ್ದರಿಂದ ಬದುಕಿಕೊಂಡ ಹುಡುಗ. ಅಚ್ಚಿನಲ್ಲಿ ಆ ಭಾಷೆಗಳು ಬರಿಯ ಅಕ್ಷರ, ಅವನ ಬಾಯಲ್ಲಿ ತಾಯಿ ಎದ್ದುಬಂದು ಗದರಿಸುತ್ತಾಳೆ. ಮಿಶೆಲ್ ಒಬಾಮಾ ತಮ್ಮ 'ಬಿಕಮಿಂಗ್' ಓದಿದ್ದಕ್ಕೆ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಯೇ ಬಂತು. ಜಾರ್ಜ್ ಸಾಂಡರ್ಸನ 'ಲಿಂಕನ್ ಇನ್ ದ ಬಾರ್ಡೊ' ಕಾದಂಬರಿಯನ್ನು 166 ಜನ ಓದಿದ್ದಾರೆ, ಮಶಾಣದ ಒಂದೊಂದು ಪ್ರೇತಕ್ಕೂ ಒಂದೊಂದು ದನಿ. ಅಷ್ಟು ಜನ ನನಗೆ ಸ್ವಲ್ಪ ಹೆಚ್ಚೇ ಆಯಿತು. ಕುಮಾರವ್ಯಾಸನನ್ನಂತೂ ಗಮಕಿಯ ಬಾಯಲ್ಲೇ ಕೇಳಬೇಕು. ಭಾಮಿನಿ ಷಟ್ಪದಿ ಕಣ್ಣಿಗೆ ಕಗ್ಗಂಟು, ಕಿವಿಗೆ ಸಲೀಸು. ಎಲ್ಲಿ ಉಸಿರು ನಿಲ್ಲಿಸಬಾರದೆಂದು ಅವರಿಗೆ ಗೊತ್ತಿರುತ್ತದೆ.

ಹೋದ ತಿಂಗಳು ಅಮ್ಮನಿಗೆ ಮೊಬೈಲಿನಲ್ಲಿ ಜೈಮಿನಿಯ ಗಮಕ ಹಾಕಿಕೊಟ್ಟೆ. ಚಂಡಿಯ ಕಥೆ ಬಂತು. ಅಮ್ಮ ನಿಲ್ಲಿಸು ಎಂದಳು. "ಇವರು ಬೇಗ ಬೇಗ ದಾಟಿಸಿಬಿಟ್ರು. ನಿಮ್ಮಜ್ಜಿ ಹೇಳ್ತಿದ್ದದ್ದೇ ಬೇರೆ" ಎಂದು, ಬೆನ್ನನ್ನು ಗೋಡೆಗೆ ಆನಿಸಿ, ಅಜ್ಜಿಯ ರಾಗದಲ್ಲೇ ಶುರುಮಾಡಿದಳು. ಅಮ್ಮನಿಗೆ ಇಷ್ಟು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ರೆಕಾರ್ಡರ್ ಒತ್ತಿ ಮೊಬೈಲನ್ನು ಅವಳ ಮುಂದೆ ಸರಿಸಿದೆ. ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು. ಆರಿಸಲು ಏಳಲಿಲ್ಲ, ಆ ದಿನ ಬೇಳೆ ಕರಗಿ ನೀರಾಯಿತು.